ಮೇಲಿನ ಮನೆಯ ಸದ್ದು

ಕುಮುದಿನಿ ಒಬ್ಬಳೇ ಇದ್ದ ಮನೆಯಲ್ಲಿ ದಿನವಿಡೀ ಕೇಳುತ್ತಿದ್ದುದು ಒಂದೇ ಸದ್ದು. ಮೇಲಿನ ಮನೆಯಲ್ಲಿ ಅವಳಂತೆಯೇ ಒಂಟಿಯಾಗಿದ್ದ ಅಜ್ಜಿಯ ಊರುಗೋಲು ನೆಲ ಕುಟ್ಟುವ ಸದ್ದು. ಒಮ್ಮೆ ಹೋಗಿ ಜಗಳವಾಡಿದಳು. ಸದ್ದು ನಿಲ್ಲಲಿಲ್ಲ, ಮಾತು ನಿಂತಿತು.

ಆಮೇಲೆ ಗ್ರೀಸಿನ ಸ್ಟೋಯಿಕ್ ಜ್ಞಾನಿಗಳ ಬಗ್ಗೆ ಓದಿದಳು. ಸದ್ದು ನಮ್ಮ ಕೈಯಲ್ಲಿಲ್ಲ, ಸಿಟ್ಟು ಮಾತ್ರ ನಮ್ಮ ಕೈಯಲ್ಲಿದೆ. ಬರಿದಾದ ಬದುಕಿಗೆ ಒಂದು ಗುರಿ ಸಿಕ್ಕಂತಾಯಿತು. ಸದ್ದಾದಾಗಲೆಲ್ಲ ಕಣ್ಣುಮುಚ್ಚಿ ಕುಳಿತು ಮನಸ್ಸನ್ನು ಪಳಗಿಸಿದಳು. ಕೊನೆಗೊಂದು ದಿನ ಬೆಳಗ್ಗೆಯೆಲ್ಲ ಸದ್ದಾದರೂ ಅವಳ ಮನಸ್ಸು ಕದಲಲಿಲ್ಲ.

ಗೆದ್ದ ಖುಷಿಯನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಜ್ಜಿಯ ಜೊತೆಗೇ ರಾಜಿಯಾಗೋಣ ಎಂದು ಮರುದಿನ ಮೆಟ್ಟಿಲು ಹತ್ತಿ ಬೆಲ್ ಒತ್ತಿದಳು. ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲು ತೆರೆದಳು.

"ಅಜ್ಜಿ ಇಲ್ವಾ?"

"ದೊಡ್ಡಮ್ಮ ಆಸ್ಪತ್ರೇಲಿದಾರೆ. ನಿನ್ನೆ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು. ಮಧ್ಯಾಹ್ನ ನಾನು ಬರೋವರೆಗೂ ನೆಲದ ಮೇಲೇ ಇದ್ರು. ನೀವು ಯಾರು?"

"ಕೆಳಗಿನ ಮನೆಯವಳು."

ಹೆಂಗಸಿನ ದನಿ ಮೆತ್ತಗಾಯಿತು.

"ಅಯ್ಯೋ, ನೀವು ನಿನ್ನೆ ಊರಲ್ಲಿರ್ಲಿಲ್ವಾ? ನಿಮಗೆ ಕೇಳಿಸ್ಲಿ ಅಂತ ಬೆಳಗ್ಗೆಯೆಲ್ಲ ಕೋಲು ಕುಟ್ತಾನೇ ಇದ್ರಂತೆ."