ಹೆಸರಿಲ್ಲದ ಸ್ನಾಯು

ಡಬ್ಬಿಯ ಮೇಲೆ ಚೀಟಿಯೇ ಇರಲಿಲ್ಲ.

ಪ್ರಯೋಗಾಲಯದ ಸಹಾಯಕಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಸ್ಪತ್ರೆಯಿಂದ ಮಂಜುಗಡ್ಡೆಯಲ್ಲಿ ಬರುವ ಗರ್ಭಕೋಶದ ತುಣುಕಿನ ಜೊತೆ ಒಂದು ಸಂಖ್ಯೆ, ಆ ಹೆಂಗಸಿನ ವಯಸ್ಸು, ಎಷ್ಟು ಹೆತ್ತವಳು ಎಂಬುದು ಇದ್ದೇ ಇರುತ್ತಿತ್ತು. ಇವತ್ತು ಏನೂ ಇಲ್ಲ. ಕೇಳೋಣವೆಂದರೆ ಪ್ರಯೋಗಾಲಯ ನಡೆಸುವ ಮೇಡಂ ಮೊನ್ನೆಯಿಂದ ರಜೆ. ಈ ಸಲ ಬರುವ ತುಣುಕಿಗೆ ಕಷಾಯವನ್ನಷ್ಟೇ ಹಾಕು, ಬೇರೆ ಯಾರೂ ಮುಟ್ಟುವುದು ಬೇಡ ಎಂದಷ್ಟೇ ಹೇಳಿ ಹೋಗಿದ್ದರು. ಎಲ್ಲಿಗೆಂದು ಹೇಳಿರಲಿಲ್ಲ.

ಕಷಾಯವಾದರೂ ಯಾರದು? ಮೇಡಂ ತಾಯಿಯದೇ. ಆಕೆ ಸೂಲಗಿತ್ತಿ. ಹೆರಿಗೆ ತಡವಾದವರಿಗೆಲ್ಲ ಅದನ್ನೇ ಕುಡಿಸಿ ಹೆಸರಾದವಳು. ಅದು ಗರ್ಭಕೋಶವನ್ನು ನಿಜಕ್ಕೂ ಹಿಂಡುತ್ತದೆಯೇ ಎಂದು ತೀರ್ಪು ಕೊಡುವವಳು ಮಗಳು. ಬೇಲಿ ಹೊಲ ಮೇಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ನಾಳೆ ಈ ವರದಿಯನ್ನು ನಂಬಿ ಯಾವಳೋ ಬಸುರಿ ಕುಡಿದು ಹೆಚ್ಚುಕಮ್ಮಿಯಾದರೆ ಕೆಳಗಿರುವ ಸಹಿ ಸಹಾಯಕಿಯದು.

ಸಾಲದ್ದಕ್ಕೆ, ಎಂದೂ ಇತ್ತ ತಲೆ ಹಾಕದ ಮುದುಕಿ ಇವತ್ತು ತಾನೇ ಕಷಾಯ ಹಿಡಿದು ಬಂದು ಸ್ಟೂಲಿನ ಮೇಲೆ ಕೂತಿದ್ದಳು.

ಸಹಾಯಕಿ ಸ್ನಾಯುವಿನಿಂದ ತೆಳುವಾದ ಒಂದು ಎಳೆ ಕತ್ತರಿಸಿ, ದಾರ ಕಟ್ಟಿ, ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ಇಳಿಬಿಟ್ಟಳು.

"ನೀರು ಬೆಚ್ಚಗಿದೆಯಾಮ್ಮ?" ಮುದುಕಿ ಕೇಳಿದಳು.

"ಮೈ ಬಿಸಿಯಷ್ಟೇ ಇದೆ, ಅಜ್ಜಿ."

ಮೊದಲೇ ಏನಾದರೂ ಔಷಧಿ ಸವರಿ ಕಳಿಸಿರಬಹುದೆಂದು ಅವಳು ಎಳೆಯನ್ನು ಮತ್ತೆ ಮತ್ತೆ ತೊಳೆದಳು. ಎಳೆ ಬಿಗಿದರೆ ಏರಬೇಕಾದ ಪರದೆಯ ಮೇಲಿನ ಗೆರೆ ಮಲಗಿದಲ್ಲೇ ಮಲಗಿತ್ತು. ಕೊನೆಗೆ ಕಷಾಯದ ಕಡೆ ಕೈ ಚಾಚಿದಳು.

"ಮೆಲ್ಲಗಮ್ಮ. ಅದಕ್ಕೆ ಇದೆಲ್ಲ ಹೊಸದು."

ಸಹಾಯಕಿಯ ಕೈ ಅಲ್ಲೇ ನಿಂತಿತು. ಚೀಟಿಯಿಲ್ಲದ ತುಣುಕು ಹೆರದವಳದೆಂದು ಈಕೆಗೆ ಹೇಗೆ ಗೊತ್ತು? ಅಂದರೆ ತಾಯಿ ಮಗಳು ಸೇರಿಯೇ ಇದನ್ನು ಆರಿಸಿದ್ದಾರೆ. ಅನುಮಾನಕ್ಕೆ ಕೈಕಾಲು ಬಂತು. ಆದರೂ ಕಷಾಯದ ಹನಿ ಬಿಟ್ಟಳು.

ಎಳೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಬಿಗಿಯಿತು. ಗೆರೆ ಏರಿತು, ಇಳಿಯಿತು, ಮತ್ತೆ ಏರಿತು, ಹೆರಿಗೆ ನೋವು ಬಂದು ಬಂದು ಹೋಗುವ ಹಾಗೆ. ತನ್ನ ಔಷಧಿ ಗೆದ್ದಾಗ ಯಾರಾದರೂ ಹಿಗ್ಗಬೇಕು. ಮುದುಕಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಸಹಾಯಕಿ ಪೆನ್ನು ಕೆಳಗಿಟ್ಟಳು. "ಇದು ಯಾರದು ಅಂತ ಗೊತ್ತಾಗೋವರೆಗೆ ನಾನು ಸಹಿ ಹಾಕಲ್ಲ, ಅಜ್ಜಿ."

ಮುದುಕಿ ಕೊಳವೆಯಿಂದ ಕಣ್ಣು ಕೀಳಲಿಲ್ಲ.

"ನನ್ನ ಮಗಳದು. ನಿನ್ನೆ ಆಪರೇಷನ್ ಮಾಡಿ ಪೂರ್ತಿ ತೆಗೆದುಬಿಟ್ರು. ಊರಿಗೆಲ್ಲ ಕುಡಿಸಿದೀಯ, ಒಂದು ಸಲ ನನಗೂ ಕೊಡಮ್ಮ ಅಂತ ಅವಳೇ ಕಳಿಸಿದ್ಲು."