ಶಾವಂತ್ರೆವ್ವನ ಕೆಮ್ಮು

ಆ ಕಾಲದಲ್ಲಿ ರೋಗಿಯ ಮೈಗೆ ಆಗುವುದನ್ನು, ನೋವಿರಲಿ ನಲಿವಿರಲಿ, ಜೋಡಿ ಕೈಪಟ್ಟಿಯ ಮೂಲಕ ಡಾಕ್ಟರೂ ಒಂದು ನಿಮಿಷ ಅನುಭವಿಸಿ ನೋಡುವುದು ವಾಡಿಕೆಯಾಗಿತ್ತು. ರೊಟ್ಟಿ ಬಡಿಯುವ ಶಾವಂತ್ರೆವ್ವನ ತೊಡೆಸಂದಿನ ನೋವನ್ನು ಊರಿನವರೆಲ್ಲ ಆರು ವರ್ಷ ‘ಹೆಂಗಸರ ತೊಂದರೆ’ ಎಂದೇ ತಳ್ಳಿಹಾಕಿದ್ದರು. ಡಾಕ್ಟರ್ ಇನಾಮದಾರರು ಅವಳಿಗೊಂದು ಪಟ್ಟಿ ಕಟ್ಟಿ, ತಾವೂ ಒಂದು ಕಟ್ಟಿಕೊಂಡರು. ಅವಳು ಕೆಮ್ಮಿದಳು. ಅವರು ಕುರ್ಚಿಯಿಂದ ನೆಗೆದುಬಿದ್ದರು.

“ಯಪ್ಪೋ!” ಎಂದವರೇ ಸ್ಕ್ಯಾನ್ ಮಾಡಿಸಿದರು. “ಹರ್ನಿಯಾ ಐತಿ, ಯವ್ವಾ. ಕರುಳು ಸಿಕ್ಕೊಂಡ್ರ ಜೀವಕ್ಕ ಅಪಾಯ. ನಾಳೆನ ಆಪರೇಷನ್ ಮಾಡೂಣು.”

“ಅದು ಗಂಡಸರಿಗಷ್ಟ ಬರ್ತೈತಂತಿದ್ರಲ್ರೀ?”

“ಅಂದವ್ರನ್ನ ಕರಕೊಂಬರ್ರಿ, ಅವ್ರಿಗೂ ಪಟ್ಟಿ ಕಟ್ಟೂಣು!”

ಮೂರು ಸಣ್ಣ ರಂಧ್ರ ಕೊರೆದು, ಕರುಳು ಮತ್ತೆ ಹೊರನುಗ್ಗದಂತೆ ಒಳಗೆ ಬಲೆಯ ತೇಪೆ ಹಾಕಿ ಮುಚ್ಚಿದರು. ಎರಡು ತಿಂಗಳ ಮೇಲೆ ತಪಾಸಣೆಗೆ ಬಂದ ಶಾವಂತ್ರೆವ್ವ ಸೆರಗು ಸಿಕ್ಕಿಸಿ, ವಾರ್ಡಿನುದ್ದಕ್ಕೂ ಕುಂಟೆಬಿಲ್ಲೆ ಆಡುವಂತೆ ಒಂಟಿಗಾಲಲ್ಲಿ ಕುಣಿದಳು. ತಪಾಸಣೆಗೆಂದು ಕಟ್ಟಿಕೊಂಡ ಪಟ್ಟಿ ಬಿಚ್ಚಲು ಮರೆತ ಡಾಕ್ಟರೂ ತಡೆಯಲಾರದೆ ಹಿಂದೆಯೇ ಕುಣಿದರು.