ಚಾಂಪಿಯನ್ನರ ಎದೆಯಳತೆ

"ಎದೆ ನಲವತ್ತಾರು!" ಅಳತೆ ಪುಸ್ತಕ ಹಿಡಿದು ಕೂತಿದ್ದ ಹೆಂಡತಿಗೆ ಕೇಳುವಂತೆ ದರ್ಜಿ ಕೂಗಿದ. ಟೇಪು ಮಾತ್ರ ಮೂವತ್ತೆಂಟಕ್ಕೇ ನಿಂತಿತ್ತು. ನಲವತ್ತು ವರ್ಷದ ಕಸುಬಿನಲ್ಲಿ ಅವನು ಸುಳ್ಳು ಅಳತೆ ಕೂಗಿದ್ದು ಇದೇ ಮೊದಲು.

ತಪ್ಪೆಲ್ಲ ಅಂಗಡಿಯ ಇಸ್ತ್ರಿಯವನದು. ಐದು ನಿಮಿಷದ ಹಿಂದೆ ಅವನು, "ಈಗಿನ ಹೆವಿವೇಟ್ ಬಾಕ್ಸರ್ ಆರಡಿ ಒಂಬತ್ತಿಂಚು ಇದಾನೆ. ನಿಮ್ಮ ಹಳೇ ಚಾಂಪಿಯನ್‌ಗೆ ಅವನ ಹತ್ರ ಸುಳಿಯೋಕೂ ಆಗ್ತಿರ್ಲಿಲ್ಲ," ಎಂದು ಕೆಣಕಿದ್ದ. "ತೋಳಿನ ಕೆಳಗೆ ನುಗ್ಗಿ ಏಳನೇ ಸುತ್ತಲ್ಲಿ ಮಲಗಿಸಿಬಿಡ್ತಿದ್ರು! ಅವರು ರಿಂಗಿಗೆ ಹಾಕ್ಕೊಂಡು ಹೋಗ್ತಿದ್ದ ನಿಲುವಂಗಿ ಹೊಲಿದವನು ನಾನು. ಎದೆ ನಲವತ್ತಾರು ಕಣೋ!" ಎಂದು ದರ್ಜಿ ಎಗರಾಡುತ್ತಿದ್ದಾಗಲೇ ಆ ಚಾಂಪಿಯನ್ನರೇ ಮೊಮ್ಮಗಳ ಮದುವೆಗೆ ಕೋಟು ಹೊಲಿಸಲು ಕೋಲೂರಿಕೊಂಡು ಒಳಗೆ ಬಂದಿದ್ದರು.

ಈಗ ಇಸ್ತ್ರಿಯವನ ಕಣ್ಣು ಟೇಪಿನ ಮೇಲೆ ಬಿತ್ತು. ಮಾನ ಹೋಯಿತು ಎಂದುಕೊಂಡ ದರ್ಜಿ. ಆದರೆ ಇಸ್ತ್ರಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು, "ನಲವತ್ತಾರಾ? ಹಾಗಾದ್ರೆ ಏಳರವರೆಗೂ ಯಾಕೆ, ಐದನೇ ಸುತ್ತಲ್ಲೇ ಮುಗೀತಿತ್ತು ಯಜಮಾನ್ರೇ," ಎಂದುಬಿಟ್ಟ.

ಚಾಂಪಿಯನ್ನರು ಬಗ್ಗಿ ಟೇಪು ನೋಡಿಕೊಂಡು ನಕ್ಕರು. "ಪಂದ್ಯ ನೀವಿಬ್ರೂ ಸೇರಿ ಗೆಲ್ಲಿಸಿಕೊಟ್ರಿ, ಸಂತೋಷ. ಆದ್ರೆ ಕೋಟು ನಾನು ಹಾಕ್ಕೋಬೇಕಲ್ಲಪ್ಪ?" ಎಂದು ದರ್ಜಿಯ ಹೆಂಡತಿಯ ಕಡೆ ತಿರುಗಿದರು. "ಮೂವತ್ತೆಂಟು ಅಂತ ಬರ್ಕೊಳ್ಳಮ್ಮ."

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

"ನೀವು ಹೊಸ್ತಿಲು ದಾಟ್ದಾಗ್ಲೇ ಬರ್ಕೊಂಡೆ ಅಣ್ಣಾ."